ಮೊಸರುಬಂಡೆ, ಜೋಳದಬಂಡೆ

“ಲೇ ಸಾಹೇಬ, ಮೂವತ್ತು ವರ್ಷ ಬಾಳೇವು ಮಾಡಿದ ಹೇಂತಿ ಇವತ್ತ ಮುಂಜಾನಿಂದ ನನಗ ತಂಗಿ ಹೆಂಗ ಆಗ್ತಾಳ, ಅದನ್ನ ಮೊದಲ ಹೇಳು. ಆಮ್ಯಾಲ ನಿನ್ನ ಸುತ್ತಿಗಿ ತಗೊಂಡು ಹಳ್ಳಕ್ಕ ಒಗೀತೀನಿ.”

“ನಾನು ಹಾಗೆ ಹೇಳಲೇ ಇಲ್ಲ ಮಾರಾಯರೇ. ಎರಡು ದಂಡೆಯ ಕಲ್ಲೂ ಒಂದೇ ಅಂತ ಹೇಳಿದ್ದು. ಅದೂ ಬಹುಶಃ ಅಂತ ಹೇಳಿದ್ದು.”

“ಕಲ್ಲು ಒಂದ ಅಂದ್ರ ತಂಗಿ ಅಂದಂಗ. ಬ್ಯಾಸಗಿ ಪೂರ್ತಿ ಈ ಊರಾಗ ಕುಂತು ರೊಟ್ಟಿ ತಿಂದಿ, ಅಷ್ಟೂ ತಿಳೀಲಿಲ್ಲ?”

ತಿಳಿದಿರಲಿಲ್ಲ ಎಂಬುದು ಅವನ ಮುಖದ ಮೇಲೆಯೇ ಇತ್ತು. ಮೊಂತೇರೊ ಕಡಲ ಕಡೆಯವನು. ಕಲ್ಲಿನ ನಕ್ಷೆ ಮಾಡುವ ಯಾವುದೋ ಕಚೇರಿಯಿಂದ ಬಂದು, ನಮ್ಮ ಸಾಲೆಯ ಒಂದು ಕೋಣೆಯಲ್ಲಿ ಹಾಸಿಗೆ ಹಾಕಿಕೊಂಡಿದ್ದ. ದಿನವೂ ಹಳ್ಳದ ಎರಡೂ ದಂಡೆ ಹತ್ತಿ ಇಳಿದು, ಕಲ್ಲು ಒಡೆದು, ಮೂಸಿ, ನೆಕ್ಕಿ, ಚೀಲದಲ್ಲಿ ಹಾಕಿಕೊಳ್ಳುತ್ತಿದ್ದ. ಕಲ್ಲು ನೆಕ್ಕುವವನಿಂದ ಒಂದು ಸಂಸಾರ ಒಡೆಯುತ್ತದೆ ಎಂದು ಯಾರು ಅಂದುಕೊಂಡಾರು.

ನಮ್ಮಿಬ್ಬರ ಈ ಜಗಳ ನಡೆದದ್ದು ಯಂಕಣ್ಣಜ್ಜನವರ ಸೈಕಲ್ ಪಂಕ್ಚರ್ ಅಂಗಡಿಯ ಮುಂದೆ. ಊರಿನ ನ್ಯಾಯವೆಲ್ಲ ಅಲ್ಲಿಯೇ ಆಗುವುದು. ಅಜ್ಜನವರಿಗೆ ಆಗ ಮೂವತ್ತೆರಡು ವರ್ಷ. ಅವರು ಅಡಿಬಂಡೆ ಓಣಿಯಲ್ಲಿ ಹುಟ್ಟಿದವರು. ಅಡಿಬಂಡೆಯ ಕೆಳಗೆ ಮನೆಗಳಿಲ್ಲ, ಹಳ್ಳವಿದೆ. ಹೀಗಾಗಿ ನಮ್ಮ ದಂಡೆಯಲ್ಲಿ ಅವರಿಗಿಂತ ಹಿರಿಯರು ಯಾರೂ ಇಲ್ಲ.

ನಮ್ಮ ಊರು ಮೆಟ್ಟಿಲಿನಂತೆ ಹಳ್ಳಕ್ಕೆ ಇಳಿಯುತ್ತದೆ. ಒಂದೊಂದು ಓಣಿ ಒಂದೊಂದು ಕಲ್ಲಿನ ಪದರದ ಮೇಲಿದೆ. ಮನೆಗೆ ಬೇರೆ ನೆಲ ಹಾಸುವುದಿಲ್ಲ, ಹಾಸಿದ್ದೇ ಇದೆ. ಹುಟ್ಟಿದ ಕೂಸನ್ನು ಮೊದಲು ಆ ಬರಿಬಂಡೆಯ ಮೇಲೆ ಮಲಗಿಸುತ್ತಾರೆ, ಅಲ್ಲಿಗೆ ಅದು ಯಾರಿಗೆ ಏನಾಗಬೇಕು ಎಂಬುದು ತೀರ್ಮಾನವಾಯಿತು. ಕೆಳಪದರದವರು ಹಿರಿಯರು, ಮೇಲಿನ ಪದರದವರು ಕಿರಿಯರು, ಒಂದೇ ಪದರದವರು ಒಡಹುಟ್ಟಿದವರು. ಹೆತ್ತವರಿಗೂ ಮಕ್ಕಳಿಗೂ ನಡುವೆ ಮಾತ್ರ ಪದರ ಎಣಿಸುವುದಿಲ್ಲ. ಅಷ್ಟು ಬುದ್ಧಿ ನಮಗೂ ಇದೆ. ಇದರಲ್ಲಿ ತಿಳಿಯದಂಥದ್ದು ಏನಿದೆ ಎಂದು ನನಗಂತೂ ಗೊತ್ತಿಲ್ಲ. ನಾನು ಓದಿದ್ದು ಊರ ಸಾಲೆಯಲ್ಲಿ ಏಳನೆಯ ತರಗತಿ. ನನಗೇ ತಿಳಿದಿದೆ.

ಹಳ್ಳದಾಚೆಯದು ಬೇರೆ ಮಾತು. ಅಲ್ಲಿಯೂ ಪದರಗಳಿವೆ, ಆದರೆ ಅವುಗಳ ಹೆಸರು ಬೇರೆ. ನಮ್ಮ ಓಣಿಯದು ಮೊಸರುಬಂಡೆ. ನನ್ನ ಹೆಂಡತಿ ಕಾಶವ್ವ ಹುಟ್ಟಿದ್ದು ಆಚೆ ದಂಡೆಯ ಜೋಳದಬಂಡೆಯ ಮೇಲೆ. ಮೊಸರುಬಂಡೆ ಜೋಳದಬಂಡೆಗಿಂತ ಮೇಲಿನದೋ, ಕೆಳಗಿನದೋ, ಅದೇ ಇದೋ ಯಾರಿಗೂ ಗೊತ್ತಿರಲಿಲ್ಲ. ನಡುವೆ ಹಳ್ಳ ಕೊರೆದುಕೊಂಡು ಹೋಗಿದೆ. ಸಾಲದ್ದಕ್ಕೆ ಆಚೆ ದಂಡೆ ಯಾವ ಕಾಲದಲ್ಲೋ ಒಂದಿಷ್ಟು ಕುಸಿದು ಕೂತಿದೆ. ಗೊತ್ತಿಲ್ಲವೆಂಬ ಕಾರಣಕ್ಕೇ ನಮ್ಮವರು ಹೆಣ್ಣು ತರಲು ಹಳ್ಳ ದಾಟುತ್ತಿದ್ದರು. ಹೆಸರು ಬೇರೆ ಇದ್ದರೆ ಸಂಬಂಧಕ್ಕೆ ಅಡ್ಡಿಯಿಲ್ಲ. ಹಿಂದಿನವರು ಅದನ್ನು ಹೆಚ್ಚು ಕೆದಕದೆ ಬಿಟ್ಟಿದ್ದರು.

ಮೊಂತೇರೊ ಕೆದಕಿದ. ಒಂದೇ ಕಲ್ಲಿಗೆ ಎರಡು ಹೆಸರಿರಬಾರದು ಎಂಬುದು ಅವನ ಕಚೇರಿಯ ಪದ್ಧತಿಯಂತೆ. ನೆಲಕ್ಕೆ ಹಾಸುವ ಪರಸಿ ಕಲ್ಲು ತೆಗೆಯುವ ನನ್ನ ಖಣಿಯಲ್ಲಿ, ಮೊಸರುಬಂಡೆಯ ಬುಡದಲ್ಲಿ, ಬೆರಳು ದಪ್ಪದ ಹಸಿರು ಪಟ್ಟಿಯೊಂದಿದೆ. ಮೆತ್ತಗಿನದು, ಗಾಳಿ ಮಳೆಗೆ ಸಿಕ್ಕರೆ ತೊಳೆದುಹೋಗುತ್ತದೆ, ಹೊಸದಾಗಿ ಅಗೆದಲ್ಲಿ ಮಾತ್ರ ಕಾಣುತ್ತದೆ. ಆಚೆ ದಂಡೆಯಲ್ಲಿ ಕಾಶವ್ವನ ತಮ್ಮ ತಿಪ್ಪಣ್ಣ ಬಾವಿ ತೋಡಿಸುತ್ತಿದ್ದ. ಅಲ್ಲಿ ಜೋಳದಬಂಡೆಯ ಬುಡದಲ್ಲೂ ಅಂಥದ್ದೇ ಹಸಿರು ಪಟ್ಟಿ ಕಂಡಿತು. ಮೊಂತೇರೊ ಎರಡನ್ನೂ ನೆಕ್ಕಿ, ಎರಡು ಬಂಡೆಯೂ ಒಂದೇ, ಇನ್ನು ಮುಂದೆ ಎರಡಕ್ಕೂ ಮೊಸರುಬಂಡೆ ಎಂದೇ ಹೆಸರು ಎಂದುಬಿಟ್ಟ. ನಮ್ಮ ದಂಡೆಯ ಹೆಸರನ್ನೇ ಯಾಕೆ ಉಳಿಸಿದ ಎಂದರೆ, ಬಂದ ದಿನ ಅವನು ಊಟ ಮಾಡಿದ್ದು ನಮ್ಮ ದಂಡೆಯಲ್ಲಿ.

ಅಜ್ಜನವರು ಟ್ಯೂಬನ್ನು ನೀರಿನ ಬೋಗುಣಿಯಲ್ಲಿ ಅದ್ದಿ ಗುಳ್ಳೆ ನೋಡುತ್ತಾ ನಮ್ಮ ಜಗಳ ಕೇಳಿಸಿಕೊಂಡರು. ಆಮೇಲೆ ತಲೆಯೆತ್ತಿದರು.

“ಸಾಹೇಬ್ರ, ಬಹುಶಃ ಅಂದ್ರೇನು?”

“ಅಂದರೆ ಹೌದು ಅಂತಲೇ ಕಾಣ್ತದೆ, ಆದರೆ ಖಾತ್ರಿ ಇಲ್ಲ ಅಂತ.”

“ಬಹುಶಃ ಹೇಂತಿ ಅಂತ ಒಬ್ಬಾಕಿ ಇರಾಕ ಬರ್ತೈತೇನು?”

ಮೊಂತೇರೊ ಯೋಚಿಸಿದ. ಅವನಿಗೆ ಮದುವೆಯಾಗಿರಲಿಲ್ಲ. “ಇಲ್ಲ,” ಎಂದ.

“ಬಹುಶಃ ತಂಗಿ ಇರಾಕ ಬರ್ತೈತಿ. ಅದಕ್ಕ ಯಾರದೂ ತಕರಾರಿಲ್ಲ. ಹಂಗಾದ್ರ ತಂಗೀನ. ಕೂಸ, ಸಿಟ್ಟಾಗಬ್ಯಾಡ, ಮನೀಗೆ ಹೋಗು.”

ಕೂಸು ಎಂದರೆ ನಾನು, ಮಳಿಯಪ್ಪ. ನನಗೆ ಐವತ್ತಮೂರು.

ಸುದ್ದಿ ನನಗಿಂತ ಮೊದಲೇ ಮನೆ ಸೇರಿತ್ತು. ಕಾಶವ್ವ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದಳು. ನಾನು ಒಳಗೆ ಬಂದಾಗ ಅವಳು ಕೂತೇ ಇದ್ದದ್ದನ್ನು ಅದಕ್ಕೆ ಮೊದಲು ನೋಡಿದ ನೆನಪಿಲ್ಲ.

“ಬಾ ಅಣ್ಣಾ,” ಎಂದಳು. “ನೀರು ಕೊಡದಾಗ ಐತಿ, ತುಂಬ್ಕೋ.”

“ತಂದು ಕೊಡಾಕ ಏನು ಬ್ಯಾನಿ?”

“ತಂಗಿ ಅಣ್ಣನ ಮನಿಯಾಗ ಚಾಕರಿ ಮಾಡಿದ್ರ ಮಂದಿ ನಿನಗ ಏನಂದಾರು? ನನಗೇನ, ನಾ ತಂದು ಕೊಡ್ತೀನಿ. ಮರ್ಯಾದಿ ಹೋಗೂದು ನಿಂದು.”

ಅದು ನಿಜ. ನಮ್ಮಲ್ಲಿ ತಂಗಿಯ ಕೈಯಲ್ಲಿ ಕೆಲಸ ಮಾಡಿಸಿಕೊಂಡವನಿಗೆ ಕಟ್ಟೆಯ ಮೇಲೆ ಜಾಗ ಕೊಡುವುದಿಲ್ಲ. ನಾನೇ ಎದ್ದು ನೀರು ತುಂಬಿಕೊಂಡೆ. ತಂಬಿಗೆ ಎಲ್ಲಿದೆ ಎಂದು ಅವಳನ್ನೇ ಕೇಳಬೇಕಾಯಿತು. ಅದನ್ನು ಕೇಳಲು ಅವಳನ್ನು ಏನಾದರೂ ಅಂದು ಕರೆಯಬೇಕಿತ್ತು. “ಕಾಶವ್ವಾ,” ಎಂದೆ. ನನ್ನ ನಾಲಿಗೆಗೆ ಆ ಹೆಸರು ರೂಢಿಯಿರಲಿಲ್ಲ, ಬೇರೆ ಯಾರನ್ನೋ ಕರೆದಂತಾಯಿತು. ಅವಳೂ ಬೇರೆ ಯಾರೋ ಎಂಬಂತೆ ನೋಡಿದಳು.

ನಮ್ಮಂಥ ಮನೆಗಳು ಊರಲ್ಲಿ ಇನ್ನೂ ಎರಡಿದ್ದವು. ಒಂದರಲ್ಲಿ ಗಂಡ ಹೆಂಡತಿ ಹಳೆಯ ಯಾವುದೋ ಜಗಳದಿಂದ ಮಾತೇ ಬಿಟ್ಟಿದ್ದರು, ಅವರಿಗೆ ಏನೂ ಬದಲಾಗಲಿಲ್ಲ. ಇನ್ನೊಂದರಲ್ಲಿ ಗಂಡನಿಗೆ ಕಿವಿ ಕೇಳುತ್ತಿರಲಿಲ್ಲ. ಯಾರೂ ಅವನಿಗೆ ಹೇಳುವ ಗೋಜಿಗೆ ಹೋಗಲಿಲ್ಲ. ಬವಣೆಯೆಲ್ಲ ನನಗೇ ಬಂತು. ತಿಪ್ಪಣ್ಣ ಮತ್ತು ನಾನು ಅಷ್ಟು ವರ್ಷ ಭಾವ-ಮೈದುನ ಎಂದು ಒಬ್ಬರ ಕಾಲು ಒಬ್ಬರು ಎಳೆದುಕೊಂಡು ಇದ್ದವರು, ಈಗ ಅಣ್ಣ-ತಮ್ಮ ಎಂದು ಮುಖ ಬಿಗಿದುಕೊಂಡು ಕೂರಬೇಕಾಯಿತು. ಗಂಡನ ಊರಿಂದ ನನ್ನ ಮಗಳು ಸುವರ್ಣಾ ಬಂದಳು. ಬಾಗಿಲಲ್ಲಿ ನಿಂತು, “ಅಪ್ಪಾ ಅನ್ನಲ್ಯೋ ಸೋದರಮಾವ ಅನ್ನಲ್ಯೋ? ಮೊದಲ ತಿಳಿಸಿಬಿಡು, ಒಳಗ ಬರ್ತೀನಿ,” ಎಂದು ನಕ್ಕಳು. ಅವರವ್ವ ಅವಳಿಗಿಂತ ಜೋರಾಗಿ ನಕ್ಕಳು. ನಾನು ಇಬ್ಬರನ್ನೂ ಬೈದೆ. ಮಗಳನ್ನು ಬೈದದ್ದು ಸರಿ, ತಂಗಿಯನ್ನು ಬೈದದ್ದು ತಪ್ಪು ಎಂದು ಪಕ್ಕದ ಮನೆಯವರು ಬಂದು ಹೇಳಿ ಹೋದರು.

ರೊಟ್ಟಿ ಬಡಿಯಲು ಕಲಿತೆ. ಪರಸಿ ಕಲ್ಲು ಸೀಳುವ ಕೈಗೆ ಹಿಟ್ಟು ಯಾವ ಲೆಕ್ಕ ಎಂದು ಕೂತರೆ, ಮೊದಲ ದಿನದ್ದು ನಡುವೆ ದಪ್ಪ, ಅಂಚಿನಲ್ಲಿ ಸುಟ್ಟಿತ್ತು. ಕಾಶವ್ವ ಸುಟ್ಟದ್ದನ್ನು ಕೆರೆದು ತಿಂದಳು. ಮೊಂತೇರೊ ಬಂದವನು ಒಂದನ್ನು ತಿರುಗಿಸಿ ನೋಡಿ, ಅಂಚು ಮುರಿದು, ತಿನ್ನುವ ಮೊದಲು ನೆಕ್ಕಿದ.

ಅವನು ಯಾಕೆ ಬಂದಿದ್ದನೆಂದರೆ ನಾನೇ ಹಿಡಿದು ಕೂರಿಸಿದ್ದೆ. “ಖಾತ್ರಿ ಇಲ್ಲ ಅಂದ್ಯಲ್ಲ,” ಎಂದೆ. “ಖಾತ್ರಿ ಆಗಾಕ ಏನು ಬೇಕು?”

“ಹಸಿರು ಪಟ್ಟಿ ಒಂದೇ ಇದ್ದರೆ ನಾನು ಹೇಳಿದ್ದು ಸರಿ. ಕೆಳಗೆಲ್ಲಾದರೂ ಇನ್ನೊಂದು ಅಂಥದ್ದೇ ಸಿಕ್ಕಿದರೆ ನನ್ನ ಮಾತು ಬಿತ್ತು. ಆಗ ಆಚೆಯ ಪಟ್ಟಿ ಇವೆರಡರಲ್ಲಿ ಯಾವುದು ಅಂತ ಹೇಳಲಿಕ್ಕೆ ಆಗುವುದಿಲ್ಲ.”

“ಕೆಳಗ ಅಂದ್ರ ಎಷ್ಟು ಕೆಳಗ?”

“ಅದು ಹೇಗೆ ಹೇಳುವುದು ಮಾರಾಯರೇ? ಇಲ್ಲದಿದ್ದರೂ ಇಲ್ಲ.”

ಮರುದಿನವೇ ಖಣಿಯ ಮೂಲೆಯಲ್ಲಿ ಕಬ್ಬಿಣದ ಹಾರಿ ಹಾಕಿ ಅಗೆಯತೊಡಗಿದೆ. ಮೊಸರುಬಂಡೆಯ ಹಸಿರಿನ ಕೆಳಗೆ ಕಂದುಬಂಡೆ. ಮಾರಲು ಬಾರದ ಕಲ್ಲು. ಪರಸಿಯಂತೆ ಹಾಳೆ ಬಿಡುವುದಿಲ್ಲ, ಚೂರು ಚೂರಾಗಿ ಬರುತ್ತದೆ. ಚಾಣ ಇಟ್ಟು ಬಡಿದರೆ ಕೈ ಜುಮ್ಮೆನ್ನುತ್ತದೆ. ಅಷ್ಟು ಅಗೆಯುವವನು ಬಾವಿಯನ್ನಾದರೂ ತೋಡಬಾರದೇ ಎಂದು ಜನ ಬಂದು ಇಣುಕಿ ಹೇಳಿ ಹೋಗುತ್ತಿದ್ದರು. ಹೆಂಡತಿಯನ್ನು ಅಗೆಯುತ್ತಿದ್ದಾನೆ ಎಂದೂ ಯಾರೋ ಒಬ್ಬ ಅಂದ. ಅವನ ಮೇಲೆ ಒಂದು ಚೂರು ಎಸೆದೆ. ತಾಗಲಿಲ್ಲ.

ಅಣ್ಣತಂಗಿಯರ ಹಬ್ಬ ನಾಗರ ಪಂಚಮಿ ಬಂತು. ಅಣ್ಣನಾದವನು ಮಾಡಬೇಕಾದ್ದನ್ನು ಮಾಡಿದೆ. ಆಮೇಲೆ ಮಳಿಯಪ್ಪ ತಂಗಿಯನ್ನು ಸರಿಯಾಗಿ ನೋಡಿಕೊಳ್ಳಲಿಲ್ಲ ಎಂದು ಯಾರೂ ಅನ್ನಬಾರದೆಂದು ಇದನ್ನು ಹೇಳುತ್ತಿದ್ದೇನೆ. ಪಡಸಾಲೆಯ ತೊಲೆಗೆ ಜೋಕಾಲಿ ಕಟ್ಟಿದೆ. ಶೇಂಗಾ ಉಂಡಿ, ಎಳ್ಳಿನ ಉಂಡಿ ಪಕ್ಕದ ಮನೆಯವರ ಕೈಕಾಲು ಹಿಡಿದು ಮಾಡಿಸಿದೆ. ಸೀರೆ ತರುವ ಮೊದಲು ಯಾವ ಬಣ್ಣ ಬೇಕು ಎಂದು ಕೇಳಿದೆ. ಹೆಂಡತಿಗೆ ಸೀರೆ ತರುವಾಗ ಕೇಳುವ ಪದ್ಧತಿ ನಮ್ಮಲ್ಲಿಲ್ಲ, ತಂಗಿಯನ್ನು ಕೇಳಲೇಬೇಕು.

ಕಾಶವ್ವ ಬಹಳ ಹೊತ್ತು ಯೋಚಿಸಿದಳು. “ಬದನಿಕಾಯಿ ಬಣ್ಣದ್ದು,” ಎಂದಳು. “ಇಷ್ಟು ವರ್ಷ ಹಸಿರ ಉಟ್ಟು ಸಾಕಾಗೈತಿ.”

“ಹಸಿರ ನಿನಗ ಸೇರ್ತಿರಲಿಲ್ಲೇನು?”

“ಯಾರು ಕೇಳಿದ್ರು?”

ಬದನೆಕಾಯಿ ಬಣ್ಣದ್ದನ್ನೇ ತಂದೆ. ಉಟ್ಟುಕೊಂಡು ಜೋಕಾಲಿ ಆಡಿದಳು. ಜೋಕಾಲಿಯನ್ನು ನಾನು ತೂಗಬೇಕಿತ್ತು, ತೂಗಿದೆ. ಮೇಲೆ ಹೋದಾಗ ಕಾಲಿನಿಂದ ತೊಲೆ ಮುಟ್ಟಿ, “ಇನ್ನಷ್ಟು ಜೋರ ನೂಕೋ, ಪರಸಿ ಎತ್ತವಗ ತ್ರಾಣ ಇಲ್ಲೇನು?” ಎಂದಳು. ಅವಳಿಗೆ ಹೀಗೆಲ್ಲ ಮಾತು ಬರುತ್ತದೆಂದು ಗೊತ್ತಿರಲಿಲ್ಲ. ಸಣ್ಣವಳಿದ್ದಾಗ ಹಳ್ಳದ ಮಡುವಿನಲ್ಲಿ ಈಜುತ್ತಿದ್ದಳಂತೆ. ತಿಪ್ಪಣ್ಣನನ್ನು ಒಮ್ಮೆ ಮುಳುಗದಂತೆ ಎಳೆದು ತಂದಿದ್ದಳಂತೆ. ಮೊಂತೇರೊ ಪಡಸಾಲೆಯಲ್ಲಿ ಕೂತು ಉಂಡಿ ತಿನ್ನುತ್ತಾ ಇದನ್ನೆಲ್ಲ ಕೇಳಿ, “ನಿಮ್ಮ ತಂಗಿ ಒಳ್ಳೆ ಗಟ್ಟಿಗಿತ್ತಿ ಮಾರಾಯರೇ,” ಎಂದ. ಅವನನ್ನು ಅಲ್ಲಿಯೇ ತುಳಿಯಬೇಕೆನ್ನಿಸಿತು. ಹಬ್ಬದ ದಿನವೆಂದು ಸುಮ್ಮನಾದೆ.

ಹಬ್ಬ ಮುಗಿದರೂ ಜೋಕಾಲಿ ಬಿಚ್ಚಲು ಅವಳು ಬಿಡಲಿಲ್ಲ. ಸಂಜೆ ನಾನು ಖಣಿಯಿಂದ ಬಂದರೆ ಅದರಲ್ಲಿ ಕೂತು ಕಾಲಿನಿಂದ ನೆಲ ಒತ್ತುತ್ತಾ, “ಬಾ ಅಣ್ಣಾ, ಕೈ ತೋರ್ಸು,” ಎನ್ನುತ್ತಿದ್ದಳು. ಅಂಗೈಯ ಬೊಬ್ಬೆ ನೋಡಿ ಎಣ್ಣೆ ಹಚ್ಚುತ್ತಿದ್ದಳು. ಇದು ಚಾಕರಿಯಲ್ಲ, ತಂಗಿಯ ಅಂತಃಕರಣ, ಇದಕ್ಕೆ ಅಡ್ಡಿಯಿಲ್ಲ ಎಂದು ಅಜ್ಜನವರನ್ನು ಕೇಳಿಕೊಂಡು ಬಂದಿದ್ದಳು. ನಾನು ಒಲೆ ಹಚ್ಚುತ್ತಿದ್ದೆ, ಅವಳು ಮಾತಾಡುತ್ತಿದ್ದಳು. ಯಾವ ಮನೆಯಲ್ಲಿ ಏನು ನಡೆಯಿತು, ತಿಪ್ಪಣ್ಣನ ಬಾವಿಗೆ ಸಿಹಿನೀರು ಬಂತೋ ಇಲ್ಲವೋ. ನಾನೂ ಒಂದೆರಡು ಮಾತು ಆಡುತ್ತಿದ್ದೆ. ರೊಟ್ಟಿ ಆ ಹೊತ್ತಿಗೆ ತೆಳ್ಳಗೆ ಬರತೊಡಗಿತ್ತು.

ಒಂದು ಸಂಜೆ ಕೇಳಿದಳು. “ಅಣ್ಣಾ, ಆ ಕಂದುಬಂಡಿ ಯಾಕ ಅಗೀತಿ? ನಿನಗ ಏನು ಕಮ್ಮಿ ಆಗೈತಿ?”

“ನನಗ ನನ್ನ ಹೇಂತಿ ಬೇಕು.”

ಜೋಕಾಲಿ ನಿಂತಿತು. “ಆಕಿ ಹೆಂಗಿದ್ಲು?” ಎಂದಳು.

“ಚಲೋ ಇದ್ಲು.”

“ಚಲೋ ಅಂದ್ರ?”

“ಹೊತ್ತಿಗೆ ಸರಿಯಾಗಿ ಎಲ್ಲಾ ಮಾಡ್ತಿದ್ಲು. ಮಾತಾಡ್ತಿರಲಿಲ್ಲ.”

“ಯಾಕ ಮಾತಾಡ್ತಿರಲಿಲ್ಲ?”

“ನನಗೇನ ಗೊತ್ತು. ಆಕಿನ್ನ ಕೇಳಬೇಕು.”

“ಆಕಿ ಬಂದ್ರ ನಾ ಎಲ್ಲಿ ಹೋಗ್ಲಿ?”

“ನೀ ಯಾಕ ಹೋಗ್ತಿ? ಆಕೀನ ನೀನು.”

ಕಾಶವ್ವ ತಲೆ ಅಲ್ಲಾಡಿಸಿದಳು. “ಅಲ್ಲಣ್ಣಾ. ಆಕಿ ಬ್ಯಾರೆ,” ಎಂದಳು. “ಅಗೀಬ್ಯಾಡ. ಇರೂದು ಹಿಂಗ ಇರ್ಲಿ. ನಿನಗೂ ಒಂದು ಮಾತು ಆಡಾಕ ಯಾರರ ಬೇಕಲ್ಲ.”

ನನಗೆ ಸಿಟ್ಟು ಬಂತು. ಗಂಡಸು ಕೈ ಒಡೆದುಕೊಂಡು ಅಗೆಯುತ್ತಿರುವುದು ಯಾರಿಗಾಗಿ ಎಂಬುದೂ ತಿಳಿಯದವಳಿಗೆ ಏನು ಹೇಳುವುದು. ರೊಟ್ಟಿಯನ್ನು ಹೆಂಚಿನ ಮೇಲೆ ಬಿಟ್ಟು ಹೊರಗೆ ಹೋದೆ. ಸುಟ್ಟ ವಾಸನೆ ಕಟ್ಟೆಯವರೆಗೆ ಬಂತು. ತಂಗಿಯಾದ್ದರಿಂದ ಅವಳು ಅದನ್ನು ಎತ್ತಲಿಲ್ಲ.

ಮಳೆ ಜೋರಾಗಿ ಗುಂಡಿಗೆ ನೀರು ತುಂಬಿತು. ಬಕೆಟ್ಟಿನಲ್ಲಿ ಮೊಗೆದು ಹಾಕಿದೆ. ನವರಾತ್ರಿ ಕಳೆದ ಮೇಲೆ ಒಂದು ಬೆಳಿಗ್ಗೆ ಹಾರಿ ಒತ್ತಿದಾಗ ಠಣ್ ಎನ್ನಲಿಲ್ಲ, ಬೆಣ್ಣೆಗೆ ಹೋದಂತೆ ಹೋಯಿತು. ಕೈಹಾಕಿ ತೆಗೆದೆ. ಹಸಿರು.

ಅಜ್ಜನವರು ಅಂಗಡಿ ಬಿಟ್ಟು ಪಂಪು ಹಿಡಿದೇ ಬಂದರು. ತಿಪ್ಪಣ್ಣ ಹಳ್ಳ ದಾಟಿ ಬಂದ. ಮೊಂತೇರೊ ಗುಂಡಿಗೆ ಇಳಿದು, ಮಂಡಿಯೂರಿ, ಉಗುರಿನಿಂದ ಕೆರೆದು, ನೆಕ್ಕಿದ. ತನ್ನ ಮಾತು ಬಿತ್ತೆಂದು ಅವನ ಮುಖ ಸಪ್ಪಗಾಗುತ್ತದೆ ಎಂದು ನಾನು ಕಾದಿದ್ದೆ. ಬೋಳೀಮಗ ಹಲ್ಲು ಬಿಟ್ಟ.

“ಇನ್ನೊಂದು ಇದೆ,” ಎಂದ. “ಮೇಲಿನ ಹಾಗೆಯೇ ಇದೆ. ಆಚೆಯದು ಇದೋ ಅದೋ ಹೇಳಲಿಕ್ಕೆ ಬರುವುದಿಲ್ಲ.”

“ಅಂದ್ರ?” ಎಂದರು ಅಜ್ಜನವರು.

“ಅಂದರೆ ಗೊತ್ತಿಲ್ಲ.”

“ನಮ್ಮ ಬಂಡಿಗೆ ಮತ್ತ ಏನು ಹೆಸರು?” ಎಂದ ತಿಪ್ಪಣ್ಣ.

“ಜೋಳದಬಂಡೆ ಅಂತಲೇ ಇರಲಿ. ಪಕ್ಕದಲ್ಲಿ ಒಂದು ಪ್ರಶ್ನೆ ಚಿಹ್ನೆ ಹಾಕ್ತೇನೆ.”

“ಚಿಹ್ನೆ ನಮಗ್ಯಾಕ? ಇವರದಕ್ಕ ಹಾಕ್ರಿ.”

“ಎರಡಕ್ಕೂ ಹಾಕ್ತೇನೆ.”

ಅಜ್ಜನವರು ಪಂಪನ್ನು ನೆಲಕ್ಕೆ ಊರಿ ನಿಂತರು. “ಗೊತ್ತಿಲ್ಲ ಅಂದ್ರ ಮೊದಲಿನಂಗ. ಮಳಿಯಪ್ಪ, ನಿನ್ನ ಹೇಂತಿ ನಿನಗ ಬಂದ್ಲು. ಹೋಗಪಾ ಕೂಸ.”

ತಿಪ್ಪಣ್ಣ ನನ್ನ ಬೆನ್ನಿಗೆ ಗುದ್ದಿದ. ಅಷ್ಟು ತಿಂಗಳಿಂದ ತಡೆದುಕೊಂಡಿದ್ದ ಗುದ್ದು. “ಏನೋ ಭಾವಾ, ರೊಟ್ಟಿ ಬಡ್ಯಾಕ ನಮ್ಮನಿಗೂ ಬರ್ತೀಯೇನು?” ಎಂದ. ನಾನು ಹಸಿರು ಹೆಂಟೆಯೊಂದನ್ನು ಮುಷ್ಟಿಯಲ್ಲಿ ಹಿಡಿದು ಓಣಿ ಹತ್ತಿದೆ. ಓಡಿದೆ ಎಂದೂ ಹೇಳಬಹುದು.

ಕಾಶವ್ವ ಬದನೆಕಾಯಿ ಬಣ್ಣದ ಸೀರೆಯುಟ್ಟು ಜೋಕಾಲಿಯಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದಳು. ಹೆಂಟೆಯನ್ನು ಅವಳ ಮುಂದೆ ಒಗೆದೆ.

“ಏಳ. ಸಿಕ್ತು. ಜೋಕಾಲಿ ಬಿಚ್ಚು, ಚಾ ಇಡು.”

ಅವಳು ಅದನ್ನು ಎತ್ತಿಕೊಂಡು ಹೆಬ್ಬೆರಳಿನಿಂದ ತಿಕ್ಕಿ ನೋಡಿದಳು. ಬೆರಳು ಹಸಿರಾಯಿತು. “ಇಷ್ಟಕ್ಕ ಅಷ್ಟು ಅಗದ್ಯೇನು ಅಣ್ಣಾ?”

“ಅಣ್ಣ ಅನಬ್ಯಾಡ. ಅಜ್ಜಾರು ಹೇಳ್ಯಾರ.”

“ಹಂಗಾದ್ರ ಏನಂತ ಕರೀಲಿ?”

“ಮೊದಲ ಹೆಂಗ ಕರೀತಿದ್ದಿ, ಹಂಗ ಕರಿ.”

“ಮೊದಲ ನಾ ನಿನ್ನ ಕರದ ಇಲ್ಲ.”

ಯೋಚಿಸಿ ನೋಡಿದೆ. ಖರೆ. ಬಂದು ಎದುರಿಗೆ ನಿಲ್ಲುತ್ತಿದ್ದಳು, ನಾನು ಏನು ಎನ್ನುತ್ತಿದ್ದೆ, ಕೆಲಸ ನಡೆಯುತ್ತಿತ್ತು. ಕರೆಯುವ ಅಗತ್ಯವೇ ಬಿದ್ದಿರಲಿಲ್ಲ.

“ಹಂಗಾದ್ರ ಏನೂ ಕರೀಬ್ಯಾಡ. ಚಾ ಇಡು ಅಂದೆ, ಕಿವಿ ಕೇಳಸೂದಿಲ್ಲೇನು ನಿನಗ?”

ಅವಳು ಎದ್ದಳು. ಜೋಕಾಲಿ ತಾನಾಗಿ ಎರಡು ಸಲ ತೂಗಿ ನಿಂತಿತು. ಒಳಗೆ ಹೋಗಿ ಚಹಾ ಕುದಿಸಿ, ಬಸಿಯ ಮೇಲೆ ಕಪ್ಪು ಇಟ್ಟು, ನಾನು ಕೂರುವ ಜಾಗದ ಬಲಗಡೆ ಇಟ್ಟಳು. ಹಿಂದೆ ಇಡುತ್ತಿದ್ದ ಜಾಗದಲ್ಲೇ. ಸಕ್ಕರೆ ಸರಿಯಾಗಿತ್ತು. ನಾನು ಊದಿ ಕುಡಿಯುತ್ತಿದ್ದಾಗ ಅವಳು ಒಳಗಿಂದ ಒಂದು ಕೈಚೀಲ ಹಿಡಿದು ಬಂದಳು.

“ಎಲ್ಲಿಗೆ?”

“ಹಳ್ಳದಾಚೆ.”

“ಯಾರನ್ನ ಕೇಳಿದಿ?”

ಅವಳು ಕೆಳಗೆ ನೋಡುತ್ತಾ ನಿಂತಳು. ನನ್ನ ಹೆಂಡತಿ ನಿಜವಾಗಿಯೂ ಬಂದಳು ಎಂದು ನನಗೆ ಅನ್ನಿಸಿದ್ದು ಆಗ. ಆ ಮುಖ ನನಗೆ ಚೆನ್ನಾಗಿ ಗೊತ್ತಿತ್ತು.

“ಹೋಗೂದಾದ್ರ ಹೋಗು,” ಎಂದೆ. “ಆ ಸೀರಿ ತಂಗಿಗೆ ಕೊಟ್ಟದ್ದು. ಇಟ್ಟು ಹೋಗು.”

ಅವಳು ತಲೆಯೆತ್ತಿದಳು. “ತಂಗೀನ ಉಟ್ಕೊಂಡು ಹೊಂಟಾಳ,” ಎಂದಳು. “ನಿನ್ನ ಹೇಂತಿ ಇಲ್ಲೇ ಅದಾಳ. ಇಟ್ಕೋ.”

ಹೊಸ್ತಿಲು ದಾಟಿ ಓಣಿ ಇಳಿದಳು. ಪಂಕ್ಚರ್ ಅಂಗಡಿಯ ಮುಂದೆ ಹಾಯುವಾಗ ಅಜ್ಜನವರಿಗೆ ಕೈಮುಗಿದಳು. ಆಚೆ ದಂಡೆಯವಳಾದ್ದರಿಂದ ಅವಳು ಹಿರಿಯಳೋ ಕಿರಿಯಳೋ ತಿಳಿಯದೆ ಅವರೂ ಕೈಮುಗಿದರು. ಹಳ್ಳದಲ್ಲಿ ನೀರು ಮೊಣಕಾಲಿನವರೆಗೆ ಇತ್ತು. ನೆರಿಗೆ ಎತ್ತಿ ಹಿಡಿದು, ಎಲ್ಲಿ ಕಾಲಿಡಬೇಕೆಂದು ಗೊತ್ತಿದ್ದವಳ ಹಾಗೆ ನಡೆದಳು. ನಾನು ಕಟ್ಟೆಯ ತುದಿಗೆ ಬಂದು ನಿಂತಿದ್ದೆ. ತಿರುಗಿ ನೋಡಿದರೆ ಬೈಯಲು ಒಂದು ಬೈಗುಳ ಬಾಯಲ್ಲಿ ಸಿದ್ಧವಿಟ್ಟುಕೊಂಡಿದ್ದೆ. ಅವಳು ನೋಡಲಿಲ್ಲ. ಆಚೆ ದಂಡೆ ಹತ್ತಿ, ತಿಪ್ಪಣ್ಣನ ಬಾವಿಯ ಮಣ್ಣುಗುಡ್ಡೆಯ ಹಿಂದೆ ಹೋದಳು. ಮತ್ತೆ ಬರಲಿಲ್ಲ. ಬೈಗುಳ ಹಾಗೆಯೇ ಇದೆ.